ಕಾಲ್ಚೆಂಡಾಟದ ಒಂದು ವಾರ

ದಾವಣಗೆರೆ ಜಿಲ್ಲೆಯು 1997ರಲ್ಲಿ ರೂಪುಗೊಂಡಾಗ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯಿಂದಲೂ ಜಗಳೂರು ತಾಲ್ಲೂಕು ಚಿತ್ರದುರ್ಗ ಜಿಲ್ಲೆಯಿಂದಲೂ ಬಂದು ಅದರಲ್ಲಿ ಸೇರಿದವು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿಯು 2018ರಲ್ಲಿ ಪ್ರತ್ಯೇಕ ತಾಲ್ಲೂಕಾಗಿ ಕಾರ್ಯಾರಂಭ ಮಾಡಿತು. ಜಿಲ್ಲೆ ಒಂದೇ ಆದರೂ ಈ ನಾಲ್ಕರ ನೆಲ ಒಂದೇ ಬಗೆಯದಲ್ಲ. ಚನ್ನಗಿರಿಯ ಸುತ್ತ ಅಡಿಕೆ ತೋಟಗಳ ತಂಪು. ನ್ಯಾಮತಿಯದು ಮಲೆನಾಡಿನ ಸೆರಗಿಗೆ ತಾಗಿದ ಸೀಮೆ. ಹೊನ್ನಾಳಿ ತುಂಗಭದ್ರೆಯ ದಡದ ಊರು, ಭತ್ತದ ಗದ್ದೆಗಳ ನೆರೆ. ಜಗಳೂರಾದರೋ ಮುಗಿಲನ್ನು ನೋಡುತ್ತ ಮಳೆಗಾಗಿ ಕಾಯುವ ಬಯಲುಸೀಮೆ. ಪ್ರೌಢಶಾಲೆಯ ಕಾಲ್ಚೆಂಡು ತಂಡವೊಂದಕ್ಕೆ ವಾರದ ಅಭ್ಯಾಸವನ್ನು ಗೊತ್ತುಪಡಿಸಲು ಹೊರಟವರು ಮೊದಲು ನೋಡಬೇಕಾದುದು ಈ ನೆಲವನ್ನೇ. ಆಟದ ಪುಸ್ತಕಗಳ ಚಿತ್ರಗಳಲ್ಲಿ ಕಾಣುವ ಹಸಿರು ಹುಲ್ಲಿನ ಮೈದಾನ ಇಲ್ಲಿಯ ಶಾಲೆಗಳಿಗೆ ಅಪರೂಪದ ವಸ್ತು.

ಈ ಸೀಮೆಯಲ್ಲಿ ಮಕ್ಕಳು ಹುಟ್ಟಿನಿಂದಲೇ ಬಲ್ಲ ಆಟಗಳು ಕಬಡ್ಡಿ ಮತ್ತು ಖೋ ಖೋ. ಅವುಗಳ ಬಳಿಕ ವಾಲಿಬಾಲ್‌ಗೆ ಸ್ಥಾನ. ಕಾಲ್ಚೆಂಡಿನದು ಕಿರಿಯ ಸೊಸೆಯ ಪಾಡು. ಮನೆಯಲ್ಲಿ ಅವಳಿಗೂ ಎಡೆಯುಂಟು, ಆದರೆ ಕೊನೆಯ ಪಂಕ್ತಿಯಲ್ಲಿ. ಹೀಗಾಗಿ ಹಲವೆಡೆ ಒಂದು ವಾಡಿಕೆ ಬೆಳೆದುಬಂದಿದೆ. ತಾಲ್ಲೂಕು ಮಟ್ಟದ ಪಂದ್ಯಕ್ಕೆ ಎಂಟು ದಿನ ಉಳಿದಿರುವಾಗ ಚೆನ್ನಾಗಿ ಓಡಬಲ್ಲ ಹನ್ನೊಂದು ಮಂದಿಯನ್ನು ಆರಿಸಿ, ಅವರನ್ನು ದಿನವೂ ದಣಿಯುವಷ್ಟು ಓಡಿಸಿ, ಪಂದ್ಯಕ್ಕೆ ಕರೆದೊಯ್ಯುವುದು. ಅಲ್ಲಿ ಸಾಮಾನ್ಯವಾಗಿ ಸೋತ ತಂಡ ಅಂದೇ ಹೊರಬೀಳಬೇಕು. ಬೆಳಗಿನ ಬಸ್ಸಿನಲ್ಲಿ ಹೋದವರು ಮಧ್ಯಾಹ್ನದ ಬಸ್ಸಿನಲ್ಲಿ ಹಿಂದಿರುಗುತ್ತಾರೆ. ಚೆಂಡು ಮರುವರ್ಷದವರೆಗೆ ಬೀರುವಿನೊಳಗೆ ಸೇರುತ್ತದೆ. ಎಂಟರಿಂದ ಹತ್ತನೆಯ ತರಗತಿಯವರೆಗೆ ಒಬ್ಬ ವಿದ್ಯಾರ್ಥಿಗೆ ಪ್ರೌಢಶಾಲೆಯಲ್ಲಿ ದೊರೆಯುವುದು ಮೂರೇ ಮಳೆಗಾಲ. ಆ ಮೂರೂ ಹೀಗೆಯೇ ಕಳೆದರೆ ಅವನು ಕಾಲ್ಚೆಂಡನ್ನು ಕಲಿತನೆನ್ನುವುದಕ್ಕೆ ಆಧಾರವೇ ಇರುವುದಿಲ್ಲ. ಪಂದ್ಯದಲ್ಲಿ ಗೆಲ್ಲುವವರು ಕೆಲವರು ಮಾತ್ರ. ಅಭ್ಯಾಸವಾದರೋ ಬಂದ ಎಲ್ಲರಿಗೂ ಸಲ್ಲಬೇಕಾದ ಪಾಲು. ಆದುದರಿಂದ ವಾರದ ಯೋಜನೆ ಪಂದ್ಯದ ಸಿದ್ಧತೆಗಿಂತ ಹಿರಿದಾದ ಹೊಣೆ.

ಈ ಪಾಲಿನ ಲೆಕ್ಕವನ್ನು ಒಂದಿಷ್ಟು ಅಂಕಗಣಿತದಿಂದಲೇ ಪರಿಶೀಲಿಸಬಹುದು. ಇಪ್ಪತ್ತನಾಲ್ಕು ಮಂದಿ ಒಂದೇ ಚೆಂಡಿನಿಂದ ಒಂದು ಗಂಟೆ ಆಡಿದರೆಂದು ಭಾವಿಸೋಣ. ಚೆಂಡು ಒಂದು ಕ್ಷಣವೂ ಗೆರೆಯಾಚೆ ಹೋಗದೆ, ಎಲ್ಲರಿಗೂ ಸಮನಾಗಿ ಸಿಕ್ಕಿತೆಂದು ಉದಾರವಾಗಿ ಒಪ್ಪಿಕೊಂಡರೂ ಒಬ್ಬೊಬ್ಬನ ಕಾಲಿಗೆ ಅದು ದೊರೆಯುವುದು ಎರಡೂವರೆ ನಿಮಿಷ. ವಾಸ್ತವದಲ್ಲಿ ಚುರುಕಾದ ನಾಲ್ವರಿಗೆ ಹತ್ತು ನಿಮಿಷ ಸಿಕ್ಕಿ, ಮೂಲೆಯಲ್ಲಿ ನಿಂತ ಹುಡುಗನಿಗೆ ಏನೂ ಸಿಗುವುದಿಲ್ಲ. ಅದೇ ಇಪ್ಪತ್ತನಾಲ್ಕು ಮಂದಿಯನ್ನು ನಾಲ್ಕು ನಾಲ್ಕು ಜನರ ಆರು ಗುಂಪುಗಳಾಗಿ ಮಾಡಿ, ಗುಂಪಿಗೊಂದು ಚೆಂಡು ಕೊಟ್ಟರೆ ಇಪ್ಪತ್ತೇ ನಿಮಿಷದಲ್ಲಿ ಪ್ರತಿಯೊಬ್ಬನ ಪಾಲು ಐದು ನಿಮಿಷವಾಗುತ್ತದೆ. ಕಾಲ ಮೂರನೆಯ ಒಂದು ಭಾಗ, ಕಲಿಕೆ ಇಮ್ಮಡಿ. ಆರು ಚೆಂಡುಗಳಿಗೆ ಹಣವೆಲ್ಲಿ ಎಂಬ ಪ್ರಶ್ನೆ ನ್ಯಾಯವಾದುದೇ. ಆದರೆ ಹೊಲಿಗೆ ಬಿಚ್ಚಿದ ಹಳೆಯ ಚೆಂಡುಗಳನ್ನು ರಿಪೇರಿ ಮಾಡಿಸಿದರೆ ಅವು ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಹೊಸ ಚೆಂಡು ಪಂದ್ಯಕ್ಕೆ ಮೀಸಲಾಗಿರಲಿ.

ಇಂತಹ ವಿವೇಚನೆಯ ಅಭ್ಯಾಸದಿಂದ ಭಾರತದ ಕಾಲ್ಚೆಂಡನ್ನು ಎತ್ತರಕ್ಕೆ ಕೊಂಡೊಯ್ದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಅವರು ಮೂಲತಃ ಶಾಲಾ ಶಿಕ್ಷಕರು. 1950ರಿಂದ 1963ರಲ್ಲಿ ತೀರಿಕೊಳ್ಳುವವರೆಗೂ ಅವರು ಭಾರತ ತಂಡದ ತರಬೇತುದಾರರಾಗಿದ್ದರು. 1951ರಲ್ಲಿ ದೆಹಲಿಯಲ್ಲಿಯೂ 1962ರಲ್ಲಿ ಜಕಾರ್ತದಲ್ಲಿಯೂ ನಡೆದ ಏಷ್ಯನ್ ಕ್ರೀಡೆಗಳಲ್ಲಿ ಭಾರತಕ್ಕೆ ಚಿನ್ನದ ಪದಕ ದೊರೆತದ್ದು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಬಂದದ್ದು ಅವರ ಕಾಲದಲ್ಲಿಯೇ. ರಹೀಮರ ಕ್ರಮದಲ್ಲಿ ಒಂದು ಸೊಗಸಿತ್ತು. ಚೆಂಡನ್ನು ತಾನೇ ತಳ್ಳಿಕೊಂಡು ಮುಂದೆ ಸಾಗಬಾರದು, ಕೂಡಲೇ ಜೊತೆಗಾರನಿಗೆ ಕೊಡಬೇಕು ಎಂಬ ಕಟ್ಟಳೆಯ ಪಂದ್ಯಗಳನ್ನು ಅವರು ಆಡಿಸುತ್ತಿದ್ದರು. ಬಲವಿಲ್ಲದ ಕಾಲಿನಿಂದ ಮಾತ್ರ ಒದೆಯಬೇಕೆಂಬ ಪಂದ್ಯಗಳನ್ನೂ ಏರ್ಪಡಿಸುತ್ತಿದ್ದರು. ಇದಕ್ಕೆ ಕಾಸಿನ ಖರ್ಚಿಲ್ಲ. ನಿಯಮವೊಂದನ್ನು ಬದಲಿಸಿದರೆ ಆಟವೇ ಪಾಠವಾಗುತ್ತದೆ.

ಇನ್ನು ವಾರದ ವಿಚಾರಕ್ಕೆ ಬರಬಹುದು. ದೇಹದ ಸ್ವಭಾವವನ್ನರಿಯದೆ ವಾರವನ್ನು ಹಂಚಲಾಗದು. ಬಿರುಸಾಗಿ ಓಡುವಾಗ ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಟ್ಟ ಶಕ್ತಿ ವೆಚ್ಚವಾಗುತ್ತದೆ. ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದ ಸಣ್ಣ ಹರಿತಗಳೂ ಉಂಟಾಗುತ್ತವೆ. ವೆಚ್ಚವಾದುದು ಮತ್ತೆ ತುಂಬಲು ಊಟ ನಿದ್ರೆಗಳೊಡನೆ ಸುಮಾರು ಒಂದು ದಿನ ಬೇಕು. ಎಳೆಗಳು ಕೂಡಿಕೊಳ್ಳಲು ಇನ್ನೂ ಹೆಚ್ಚು. ಮೈ ಗಟ್ಟಿಯಾಗುವುದು ಓಡುವ ಹೊತ್ತಿನಲ್ಲಿ ಅಲ್ಲ, ಓಡಿದ ಮೇಲಿನ ಬಿಡುವಿನಲ್ಲಿ. ರೈತನು ಉತ್ತ ಹೊಲಕ್ಕೆ ಬಿಸಿಲು ಕಾಯಲು ಬಿಡುವಂತೆ, ಕಷ್ಟದ ದಿನದ ಮರುದಿನ ಹಗುರವಾಗಿರಬೇಕು. ಚನ್ನಗಿರಿಯಲ್ಲಿ ಕೋಟೆಯ ಗುಡ್ಡ ಹತ್ತಿರದಲ್ಲಿದೆ ಎಂಬ ಕಾರಣಕ್ಕೆ ಮಕ್ಕಳನ್ನು ದಿನವೂ ಅದನ್ನು ಹತ್ತಿಸಿದರೆ ಗುಡ್ಡ ಹತ್ತುವವರು ಸಿದ್ಧರಾದಾರೇ ಹೊರತು ಕಾಲ್ಚೆಂಡಿನ ಆಟಗಾರರಲ್ಲ.

ಶನಿವಾರದ ಶಾಲೆ ಬೆಳಗಿನದು. ಅದು ಬಿಟ್ಟ ಮೇಲೆ ಸಮಯ ವಿಪುಲವಾಗಿರುವುದರಿಂದ ಪೂರ್ಣ ಪಂದ್ಯಕ್ಕೆ ಆ ದಿನವೇ ತಕ್ಕುದು, ಭಾನುವಾರ ಬಿಡುವು. ಹಾಗಾದರೆ ಸೋಮವಾರ ಚೆಂಡಿನೊಡನೆ ಹಗುರವಾದ ಕೆಲಸ ಸಾಕು: ನಿಲ್ಲಿಸುವುದು, ಒಳಪಾದದಿಂದ ತಳ್ಳುವುದು, ತಲೆಯೆತ್ತಿ ನೋಡುವುದು. ವಾರದ ಭಾರವೆಲ್ಲ ಮಂಗಳವಾರದ ಮೇಲಿರಲಿ. ಅಂದು ಹತ್ತು ನಿಮಿಷ ಮೈ ಬಿಸಿಮಾಡಿಕೊಂಡ ಬಳಿಕ, ಮೂವರು ಸುತ್ತ ನಿಂತು ನಡುವಿನ ಒಬ್ಬನಿಗೆ ಚೆಂಡು ಸಿಗದಂತೆ ತಮ್ಮೊಳಗೆ ಸಾಗಿಸುವ ಆಟ. ನೋಡಲು ಇದು ಬೀದಿಯ ಮಕ್ಕಳಾಟದಂತೆ ಕಾಣುತ್ತದೆ. ಆದರೆ ಕಾಲ್ಚೆಂಡಿನ ಸಾರವೆಲ್ಲ ಇದರಲ್ಲಿ ಅಡಗಿದೆ. ಚೆಂಡು ಬರುವ ಮುನ್ನವೇ ಅದನ್ನು ಯಾರಿಗೆ ಕೊಡಬೇಕೆಂದು ನಿರ್ಧರಿಸಬೇಕು. ಕೊಟ್ಟ ಮೇಲೆ ನಿಂತಲ್ಲೇ ನಿಲ್ಲದೆ ಜೊತೆಗಾರನಿಗೆ ಕಾಣುವಂತೆ ಸರಿಯಬೇಕು. ನಡುವಿನವನು ಕಣ್ಣನ್ನು ಚೆಂಡಿನ ಮೇಲಿಟ್ಟು ದಾರಿಯನ್ನು ಕಟ್ಟಬೇಕು. ಅನಂತರ ಕಿರಿದಾದ ಅಂಗಣದಲ್ಲಿ ಐವರಿಗೆ ಐವರ ಪಂದ್ಯ. ನಾಲ್ಕು ನಿಮಿಷ ಆಟ, ಎರಡು ನಿಮಿಷ ಬಿಡುವು, ಹೀಗೆ ಐದಾರು ಸಲ. ಮೈದಾನವನ್ನು ಸುತ್ತಿ ಬರಿದೇ ಓಡುವುದಕ್ಕಿಂತ ಇದರಲ್ಲಿ ದಮ್ಮು ಹೆಚ್ಚು ಬೆಳೆಯುತ್ತದೆ, ಬೇಸರವೂ ಇರುವುದಿಲ್ಲ.

ಬುಧವಾರ ಮೈದಾನಕ್ಕೆ ಬಿಡುವು. ಕಪ್ಪುಹಲಗೆಯ ಮೇಲೆ ಹನ್ನೊಂದು ಚುಕ್ಕಿಗಳನ್ನಿಟ್ಟು ಯಾರು ಎಲ್ಲಿ ನಿಲ್ಲಬೇಕು, ಚೆಂಡು ಕಳೆದುಹೋದಾಗ ಯಾರು ಹಿಂದೆ ಸರಿಯಬೇಕು ಎಂಬುದನ್ನು ಅಂದು ಅರ್ಧ ಗಂಟೆ ಚರ್ಚಿಸಬಹುದು. ಗುರುವಾರ ಆ ಚುಕ್ಕಿಗಳು ಮೈದಾನಕ್ಕಿಳಿಯುತ್ತವೆ. ಶುಕ್ರವಾರ ರಹೀಮರ ಕ್ರಮದಂತೆ ಬಲವಿಲ್ಲದ ಕಾಲಿನ ಒದೆತ, ಮೂಲೆಯೊದೆತ ಮತ್ತು ಹನ್ನೊಂದು ಮೀಟರ್ ದೂರದ ಪೆನಾಲ್ಟಿ ಒದೆತ. ಮುಕ್ಕಾಲು ಗಂಟೆ ಸಾಕು. ಗೋಲ್‌ಕೀಪರನನ್ನು ಅನೇಕರು ಮರೆತುಬಿಡುತ್ತಾರೆ. 7.32 ಮೀಟರ್ ಅಗಲ, 2.44 ಮೀಟರ್ ಎತ್ತರದ ಬಾಗಿಲನ್ನು ಒಬ್ಬಂಟಿಯಾಗಿ ಕಾಯುವ ಆ ಹುಡುಗನಿಗೆ ಗುರುವಾರ ಮತ್ತು ಶುಕ್ರವಾರ ಹದಿನೈದು ನಿಮಿಷಗಳ ಬೇರೆ ಪಾಠ ಆಗಲೇಬೇಕು.

ಇದಿಷ್ಟೂ ಕಾಗದದ ಮೇಲಿನ ಯೋಜನೆ. ಆಷಾಢದ ಮಳೆ ಹಿಡಿದಾಗ ನ್ಯಾಮತಿ ಚನ್ನಗಿರಿಗಳ ಕಡೆ ಅಂಗಳ ಕೆಸರಾಗುತ್ತದೆ. ಆಗ ಗೋಡೆಯೇ ಗುರು. ಶಾಲೆಯ ಕಿಟಕಿಯಿಲ್ಲದ ಗೋಡೆಯೊಂದರ ಎದುರು ಐದು ಹೆಜ್ಜೆ ದೂರ ನಿಂತು, ಒಮ್ಮೆ ಬಲಗಾಲು ಒಮ್ಮೆ ಎಡಗಾಲಿನಿಂದ ಚೆಂಡನ್ನು ತಟ್ಟಿ ಮರಳಿ ಪಡೆಯುವ ಅಭ್ಯಾಸವನ್ನು ತುಂತುರಿನಲ್ಲಿಯೂ ನಡೆಸಬಹುದು. ಹೊನ್ನಾಳಿಯ ಕಡೆಯ ಕಪ್ಪುಮಣ್ಣು ಮಳೆಯಲ್ಲಿ ಕಾಲಿಗೆ ಮೆತ್ತಿಕೊಳ್ಳುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ. ಬಿರುಕಿನಲ್ಲಿ ಪಾದ ಸಿಲುಕಿದರೆ ಹರಡು ಉಳುಕುವುದು ಖಂಡಿತ. ಶನಿವಾರದ ಪಂದ್ಯಕ್ಕೆ ಮುಂಚೆ ಮೈದಾನವನ್ನು ಒಮ್ಮೆ ನಡೆದು ನೋಡುವುದು ಅಲ್ಲಿ ನಾಯಕನ ಕರ್ತವ್ಯ. ಜಗಳೂರಿನ ತೊಡಕು ಬೇರೆ. ಅಲ್ಲಿ ಮಳೆಗಾಲದಲ್ಲಿಯೂ ಮಳೆಗಿಂತ ಗಾಳಿಯೇ ಜೋರು. ಮೇಲೆತ್ತಿ ಒದೆದ ಚೆಂಡು ಎತ್ತ ಹೋಗುವುದೋ ಹೇಳಬರುವುದಿಲ್ಲ. ನೆಲಕ್ಕೆ ತಾಗಿದಂತೆ ಚೆಂಡನ್ನು ಸಾಗಿಸುವ ಕಲೆ ಅಲ್ಲಿಯ ಮಕ್ಕಳಿಗೆ ಗಾಳಿಯೇ ಕಲಿಸಿಕೊಡುವ ವಿದ್ಯೆ. ಬಿಸಿಲಿನ ತಿಂಗಳುಗಳಲ್ಲಿ ಸಂಜೆಯ ಅಭ್ಯಾಸವನ್ನು ಬೆಳಗಿಗೆ ಬದಲಿಸಿಕೊಳ್ಳಬೇಕು. ಕಾಲು ಗಂಟೆಗೊಮ್ಮೆ ನೀರು ಕುಡಿಯಲು ನಿಲ್ಲಿಸುವುದನ್ನು ಯಾರೂ ಸೋಮಾರಿತನವೆಂದು ಬಗೆಯಬಾರದು.

ಜಾಲಿಮುಳ್ಳಿನ ನೆಲದಲ್ಲಿ ಬರಿಗಾಲ ಪ್ರಶ್ನೆಯೂ ಎದುರಾಗುತ್ತದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಎದುರು ಭಾರತದ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿಯೇ ಆಡಿದರು. ಭಾರತ 2–1ರಿಂದ ಸೋತಿತು. ನಮ್ಮ ಕಡೆಯ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಬೂಟಿಲ್ಲದ ಹುಡುಗ ನಾಚಬೇಕಾದ್ದಿಲ್ಲ ಎಂಬುದಕ್ಕೆ ಈ ಕಥೆ ಸಾಕು. ಆದರೆ ಲಂಡನ್ನಿನಲ್ಲಿ ಮೆತ್ತನೆಯ ಹುಲ್ಲಿತ್ತು, ಜಾಲಿಮುಳ್ಳಿರಲಿಲ್ಲ. ಸೋಮವಾರದ ಅಭ್ಯಾಸದ ಮೊದಲ ಐದು ನಿಮಿಷ ಸಾಲಾಗಿ ನಿಂತು ಕಲ್ಲು ಮುಳ್ಳು ಹೆಕ್ಕುವುದು ಯೋಜನೆಯ ಭಾಗವೇ ಆಗಬೇಕು; ಬರಿಗಾಲಿನವನೂ ಬೂಟಿನವನೂ ಒಂದೇ ಆಟದಲ್ಲಿ ಎದುರುಬದುರಾಗದಂತೆ ಗುಂಪುಗಳನ್ನು ಮಾಡಬೇಕು.

ಯೋಜನೆಯನ್ನು ಕೆಡಿಸುವ ಇನ್ನೆರಡು ಸಂಗತಿಗಳು ಹಸಿವು ಮತ್ತು ಬಸ್ಸು. ಮಧ್ಯಾಹ್ನ ಶಾಲೆಯಲ್ಲಿ ಬಿಸಿಯೂಟ ಉಂಡವನು ಸಂಜೆ ಆಡಲು ನಿಲ್ಲುವ ಹೊತ್ತಿಗೆ ಮೂರು ಗಂಟೆಯಾದರೂ ಕಳೆದಿರುತ್ತದೆ. ಒಂದು ಹಿಡಿ ಕಡಲೆಕಾಯಿ, ಒಂದು ತುಂಡು ಬೆಲ್ಲ ಇದ್ದರೆ ಅಭ್ಯಾಸದ ಕೊನೆಯ ಅರ್ಧ ಗಂಟೆ ವ್ಯರ್ಥವಾಗುವುದಿಲ್ಲ. ಬಸ್ಸಿನದು ಇದಕ್ಕಿಂತ ಕಠಿನವಾದ ಸಮಸ್ಯೆ. ಸುತ್ತಣ ಹಳ್ಳಿಗಳಿಂದ ಬರುವವರಿಗೆ ಸಂಜೆಯ ಬಸ್ಸು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆಯೇ. 2023ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತವಾಯಿತು. ಬಸ್ಸುಗಳ ವೇಳೆ ಮಾತ್ರ ಅದರಿಂದ ಬದಲಾಗಲಿಲ್ಲ. ಹೆಣ್ಣುಮಕ್ಕಳ ತಂಡ ಕಟ್ಟಲು ಬಯಸುವ ಶಾಲೆ ಸಂಜೆಯನ್ನೇ ನೆಚ್ಚಿಕೊಂಡರೆ ತಂಡ ಕಾಗದದಲ್ಲಿಯೇ ಉಳಿಯುತ್ತದೆ. ವೇಳಾಪಟ್ಟಿಯಲ್ಲಿರುವ ಆಟದ ಪಿರಿಯಡ್ಡನ್ನೂ ಶನಿವಾರದ ಮಧ್ಯಾಹ್ನವನ್ನೂ ಅವರಿಗೆ ಕೊಡುವುದು ನ್ಯಾಯ. ಗಣಿತದ ಪಾಠ ಮುಗಿದಿಲ್ಲವೆಂದು ಆಟದ ಪಿರಿಯಡ್ಡನ್ನು ಕಸಿದುಕೊಳ್ಳುವ ರೂಢಿ ಎಷ್ಟು ಬೇಗ ಅಳಿದರೆ ಅಷ್ಟು ಒಳ್ಳೆಯದು.

ಒಂದು ಹುಸಿ ಅಪವಾದವನ್ನೂ ಇಲ್ಲಿ ನಿವಾರಿಸಬೇಕು. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಎಲುಬು ಬೇಗ ಬೇಗ ಬೆಳೆಯುತ್ತದೆ. ಮೊಣಕಾಲ ಚಿಪ್ಪಿನ ಕೆಳಗೆ, ಸ್ನಾಯುವಿನ ರಜ್ಜು ಎಲುಬಿಗೆ ಅಂಟಿರುವ ಕಡೆ, ಅತಿಯಾದ ಓಟ ನೆಗೆತಗಳಿಂದ ನೋವೂ ಉಬ್ಬೂ ಕಾಣಿಸಿಕೊಳ್ಳುವುದುಂಟು. ನೋವೆಂದು ಕುಳಿತ ಹುಡುಗನನ್ನು ಕಳ್ಳನೆಂದು ಗದರಿಸಿ ಓಡಿಸಿದರೆ ನೋವು ತಿಂಗಳುಗಟ್ಟಲೆ ನಿಲ್ಲುತ್ತದೆ. ಅವನ ಭಾರವನ್ನು ಇಳಿಸಿ, ಅಗತ್ಯವಿದ್ದರೆ ವೈದ್ಯರಿಗೆ ತೋರಿಸಿ, ಮಂಗಳವಾರದ ಬದಲು ಸೋಮವಾರದ ಕೆಲಸವನ್ನೇ ಕೊಡಬೇಕು.

ಪಂದ್ಯಕ್ಕೆ ಮುಂಚಿನ ವಾರ ಹೆಚ್ಚು ಓಡಿಸುವುದು ಎಲ್ಲೆಡೆ ಕಾಣುವ ತಪ್ಪು. ಆ ವಾರ ಅಭ್ಯಾಸದ ಕಾಲವನ್ನು ಅರ್ಧಕ್ಕಿಳಿಸಿ, ವೇಗವನ್ನು ಮಾತ್ರ ಉಳಿಸಿಕೊಳ್ಳಬೇಕು. ಇನ್ನು, ಪಂದ್ಯದಲ್ಲಿ ಸೋತು ಬಂದ ತಂಡಕ್ಕೆ ಮುಂದಿನ ಸೋಮವಾರ ಎಂದಿನಂತೆಯೇ ಬರುತ್ತದೆ. ದಿನಾಂಕ, ಬಂದವರ ಹೆಸರು, ಮಳೆ ಬಂದಿತೋ ಇಲ್ಲವೋ, ಯಾರಿಗೆ ನೋವು, ಯಾವ ಆಟ ಚೆನ್ನಾಗಿ ನಡೆಯಿತು, ಅಡಿಕೆ ಸುಲಿತಕ್ಕೋ ಮೆಕ್ಕೆಜೋಳದ ಕೊಯ್ಲಿಗೋ ಮನೆಯವರು ಯಾರನ್ನು ಕರೆದೊಯ್ದರು—ಇವನ್ನೆಲ್ಲ ನಾಯಕನು ನೂರು ಪುಟದ ನೋಟ್‌ಬುಕ್ಕೊಂದರಲ್ಲಿ ಬರೆದಿಡುವುದು ಮೇಲು. ಹತ್ತನೆಯ ತರಗತಿಯವರು ಪರೀಕ್ಷೆಯ ಓದಿಗೆ ಸರಿದಾಗ ಆ ಪುಸ್ತಕವೂ ಚೆಂಡುಗಳ ಚೀಲವೂ ಒಂಬತ್ತನೆಯ ತರಗತಿಯವರ ಕೈಗೆ ಬರುತ್ತವೆ. ಜೂನ್ ತಿಂಗಳಲ್ಲಿ ಎಂಟನೆಯ ತರಗತಿಗೆ ಹೊಸದಾಗಿ ಸೇರಿದವರು ಗೋಡೆಯೆದುರು ನಿಂತಾಗ ಅವರಿಗೆ ಮೊದಲ ಪಾಠ ಹೇಳಿಕೊಡಬೇಕಾದವರು ಆ ಹೊತ್ತಿಗೆ ಹತ್ತನೆಯ ತರಗತಿಗೆ ಬಂದಿರುವ ಇವರೇ.