ಕೀಲುನೋವಿಗೆ ಕಾರಣ ತಿಳಿಯಲಿ

ಭಾನುವಾರದ ಬಲಿಪೂಜೆಯಲ್ಲಿ ಎಲ್ಲರೂ ಮೊಣಕಾಲೂರುವಾಗ ಕುಳಿತೇ ಇರುವ ಹಿರಿಯರನ್ನು ನಾವು ಕಾಣುತ್ತೇವೆ. 'ವಯಸ್ಸಾಯಿತು, ವಾಯುನೋವು' ಎಂದು ಅವರೂ ಸುಮ್ಮನಾಗುತ್ತಾರೆ, ಮನೆಯವರೂ ಸುಮ್ಮನಾಗುತ್ತಾರೆ. ಅಂಗಡಿಯಿಂದ ತಂದ ಗುಳಿಗೆಗಳಲ್ಲಿಯೇ ವರ್ಷಗಳು ಕಳೆಯುತ್ತವೆ. ಆದರೆ ರಾಯಲ್ಪಾಡು ಸೇರಿರುವ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಇಂಥ ನೋವಿಗೆ ಬೇರೊಂದು ಕಾರಣವೂ ಇರಬಹುದು. ಅದುವೇ ಕೊಳವೆಬಾವಿಯ ನೀರಿನಲ್ಲಿರುವ ಫ್ಲೋರೈಡ್.

ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆ ಅಂತರ್ಜಲವನ್ನೇ ಬಹುವಾಗಿ ನಂಬಿದೆ. ಶಿಲೆಗಳಲ್ಲಿನ ಫ್ಲೋರೈಡ್ ಆ ನೀರಿನಲ್ಲಿ ಕರಗುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ಸಿಗದಿದ್ದಲ್ಲಿ 1.5 ಮಿಲಿಗ್ರಾಂ ಕೊನೆಯ ಮಿತಿ. ಮಿತಿ ಮೀರಿದ ನೀರನ್ನು ಬಹುಕಾಲ ಕುಡಿದವರ ಮೂಳೆ, ಕೀಲು, ಬೆನ್ನೆಲುಬುಗಳು ಬಿಗಿಯುತ್ತವೆ. ಮಕ್ಕಳ ಹಲ್ಲಿನ ಕಲೆ ಇದರ ಮುನ್ಸೂಚನೆ.

ನೆರೆಯ ಆಂಧ್ರದ ನೆಲ್ಲೂರಿನಲ್ಲಿ ಈ ರೋಗವನ್ನು ವೈದ್ಯರು 1937ರಲ್ಲಿಯೇ ಗುರುತಿಸಿದ್ದರು. ಆದರೂ ಸಂಧಿವಾತವನ್ನೇ ಹೋಲುವುದರಿಂದ ಇಂದಿಗೂ ಅದು ತಡವಾಗಿ ಪತ್ತೆಯಾಗುವುದುಂಟು. ಎಕ್ಸ್-ರೇ, ಮೂತ್ರಪರೀಕ್ಷೆ, ನೀರಿನ ಪರೀಕ್ಷೆ ಈ ಮೂರನ್ನೂ ಕೂಡಿಸಿ ನೋಡಿದರೆ ಸಂದೇಹ ಪರಿಹಾರವಾಗುತ್ತದೆ.

ಗಟ್ಟಿಯಾದ ಮೂಳೆಯನ್ನು ಮೊದಲಿನಂತಾಗಿಸುವ ಔಷಧವಿಲ್ಲ. ನೋವನ್ನು ತಗ್ಗಿಸುವ ಔಷಧಗಳಿವೆ. ಆದರೆ ಕೆಲವು ನೋವಿನ ಗುಳಿಗೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡಕ್ಕೂ ಹಾನಿ ತರುತ್ತವೆ. ದೇಹದ ಫ್ಲೋರೈಡನ್ನು ಹೊರಹಾಕುವುದು ಮೂತ್ರಪಿಂಡವೇ. ಅದು ಕೆಟ್ಟರೆ ವಿಷ ಒಳಗೇ ಉಳಿಯುತ್ತದೆ. ಆದ್ದರಿಂದ ಗುಳಿಗೆ ಯಾವುದು, ಎಷ್ಟು, ಎಷ್ಟು ದಿನ ಎಂಬುದನ್ನು ವೈದ್ಯರೇ ನಿರ್ಧರಿಸಲಿ. ನೀರು ಬದಲಾಗದೆ ಗುಳಿಗೆ ಮಾತ್ರ ನುಂಗುವುದು ತೂತು ಬಿಂದಿಗೆಗೆ ನೀರು ತುಂಬಿದಂತೆ. ಕುದಿಸಿದರೂ ಫ್ಲೋರೈಡ್ ಹೋಗದು. ಶುದ್ಧೀಕರಣ ಘಟಕದ ನೀರು ಅಥವಾ ಶುಚಿಯಾಗಿ ಹಿಡಿದಿಟ್ಟ ಮಳೆನೀರು ಲೇಸು. ಹಾಲು, ರಾಗಿ, ನೆಲ್ಲಿಕಾಯಿಯಂಥ ಪೌಷ್ಟಿಕ ಆಹಾರವೂ ಸಹಕಾರಿ.

'ದೇವರು ಕೊಟ್ಟ ಶಿಲುಬೆ, ಹೊರಬೇಕು' ಎಂದು ಮದ್ದನ್ನೇ ದೂರವಿಡುವ ಹಿರಿಯರಿದ್ದಾರೆ. ಅವರ ಭಕ್ತಿ ದೊಡ್ಡದು. ಆದರೆ ನೋವು ಶಮನಗೊಳಿಸುವ ಔಷಧವನ್ನು ನಿರಾಕರಿಸಲೇಬೇಕೆಂಬ ಕಟ್ಟಳೆ ಕ್ರೈಸ್ತರಿಗಿಲ್ಲವೆಂದು ಜಗದ್ಗುರು ಹನ್ನೆರಡನೆಯ ಪಯಸ್ ಅವರು 1957ರ ಫೆಬ್ರವರಿಯಲ್ಲಿ ಅರಿವಳಿಕೆ ವೈದ್ಯರ ಮುಂದೆ ಸ್ಪಷ್ಟಪಡಿಸಿದ್ದಾರೆ. ರೋಗಿಗಳನ್ನು ಮುಟ್ಟಿ ಗುಣಪಡಿಸಿದ ಯೇಸುಸ್ವಾಮಿಯ ಹಿಂಬಾಲಕರಿಗೆ ಇದು ಹೊಸ ಮಾತೇನಲ್ಲ.

ಪ್ರಿಯ ಓದುಗರೇ, ಈ ವಾರ ನಿಮ್ಮ ಮನೆಯ ಅಜ್ಜಿ ತಾತಂದಿರನ್ನು ಒಮ್ಮೆ ಕೇಳಿರಿ: ನೋವು ಎಷ್ಟು ವರ್ಷದಿಂದ ಇದೆ, ಕುಡಿದದ್ದು ಯಾವ ಬಾವಿಯ ನೀರು? ಆ ಎರಡು ಉತ್ತರಗಳೊಂದಿಗೆ ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ.