ಪಾಠಕ್ಕೊಂದು ತಕ್ಕಡಿ

ಶಾಲೆಗಳಲ್ಲಿ ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1991ರಲ್ಲಿ. ಪಾಠಗಳೇನೋ ಬಂದವು. ಹಸಿ ಕಸ ಯಾವುದು, ಒಣ ಕಸ ಯಾವುದು ಎಂದು ಕೇಳಿದರೆ ಮಕ್ಕಳು ತಪ್ಪಿಲ್ಲದೆ ಬರೆಯುತ್ತಾರೆ. ಅದೇ ಮಗುವಿನ ಅಡುಗೆಮನೆಯಲ್ಲಿ ಮಾತ್ರ ಬಾಳೆಹಣ್ಣಿನ ಸಿಪ್ಪೆ, ಹಾಲಿನ ಪ್ಯಾಕೆಟ್ಟು, ತೀರಿದ ಬ್ಯಾಟರಿ ಎಲ್ಲವೂ ಒಂದೇ ಬುಟ್ಟಿಗೆ ಬೀಳುತ್ತಿರುತ್ತವೆ. ಉತ್ತರ ಗೊತ್ತಿದ್ದ ಮಾತ್ರಕ್ಕೆ ಕೈ ಬದಲಾಗುವುದಿಲ್ಲ. ಕೈ ಬದಲಾಗಬೇಕಾದರೆ ಮನೆಯ ಕಸವೇ ಪಾಠವಾಗಬೇಕು.

ಮೊದಲ ವಾರ ಕಸ ಕಡಿಮೆ ಮಾಡಲು ಹೋಗುವುದು ಬೇಡ. ಹಸಿ ಕಸ, ಒಣ ಕಸ ಬೇರೆ ಬೇರೆ ಇಟ್ಟು, ದಿನಾ ರಾತ್ರಿ ತಕ್ಕಡಿಯಲ್ಲಿ ತೂಗಿ ಬರೆದಿಟ್ಟರೆ ಸಾಕು. ಡೈಪರ್, ಸ್ಯಾನಿಟರಿ ಪ್ಯಾಡ್, ಒಡೆದ ಗಾಜು, ಔಷಧಿ ದೊಡ್ಡವರ ಕೆಲಸ, ಮಕ್ಕಳು ಮುಟ್ಟಬಾರದು. ವಾರದ ಕೊನೆಗೆ ತರಗತಿಯಲ್ಲಿ ಲೆಕ್ಕ ಕೂಡಿದಾಗ, ಸಾಮಾನ್ಯವಾಗಿ ತೂಕದಲ್ಲಿ ಹಸಿ ಕಸ ಮುಂದಿರುತ್ತದೆ, ಜಾಗ ತಿನ್ನುವುದರಲ್ಲಿ ಒಣ ಕಸ. ಒಂದು ಮನೆಯ ಒಂದು ದಿನದ ಸರಾಸರಿ ತೆಗೆದು ತಮ್ಮ ಬೀದಿಯ ಮನೆಗಳ ಸಂಖ್ಯೆಯಿಂದ ಗುಣಿಸಿದರೆ, ಕಸದ ಗಾಡಿಯವರು ಆ ಬೀದಿಯಿಂದ ದಿನಾ ಎಷ್ಟು ಹೊರುತ್ತಾರೆಂಬ ಅಂದಾಜು ಸಿಗುತ್ತದೆ. ಆ ಕಸ ಎಲ್ಲಿಗೆ ಹೋಗುತ್ತದೆಂದೂ ಹೇಳಬೇಕು. ಬೆಂಗಳೂರಿನ ಕಸ ಸುರಿಸಿಕೊಂಡು ಬೇಸತ್ತ ಮಂಡೂರಿನ ಜನ 2014ರಲ್ಲಿ ಬೀದಿಗಿಳಿದದ್ದು ಮಕ್ಕಳಿಗೆ ಹೇಳಬೇಕಾದ ಕಥೆಯೇ.

ಎರಡನೆಯ ವಾರ ಒಂದೊಂದು ವಸ್ತುವಿಗೂ ಒಂದೇ ಪ್ರಶ್ನೆ: ಇದು ನಮ್ಮ ಮನೆಗೆ ಯಾಕೆ ಬಂತು? ಕಸ ಬೇರ್ಪಡಿಸಿದರೆ ವಿಲೇವಾರಿ ಸುಲಭವಾಗುತ್ತದೆ ಅಷ್ಟೇ, ಕಸ ಕಡಿಮೆಯಾಗುವುದು ಈ ಪ್ರಶ್ನೆಯಿಂದ. ಹಳಸಿದ ಸಾರು ಚೆಲ್ಲಿದ್ದರೆ, ನಾಳೆ ಊಟಕ್ಕೆ ಯಾರು ಯಾರು ಇರುತ್ತಾರೆಂದು ಅಮ್ಮನಿಗೆ ಮುಂಚೆಯೇ ಹೇಳುವ ಹೊಣೆ ಮಗುವಿನದು. ಅಂಗಡಿಗೆ ಕೈಚೀಲ ಒಯ್ಯುವ ಹೊಣೆಯೂ ಅದರದೇ ಆಗಲಿ.

ಉಳಿದ ಸಿಪ್ಪೆಗೆ ಒಂದು ಮಡಕೆ. ತಳಕ್ಕೂ ಪಕ್ಕಕ್ಕೂ ತೂತು ಮಾಡಿ, ಅಡಿಯಲ್ಲಿ ತರಗೆಲೆ ಹಾಸಿ. ಸಿಪ್ಪೆ ಹಾಕಿದಾಗಲೆಲ್ಲ ಮೇಲೆ ಅಷ್ಟೇ ತರಗೆಲೆ ಮುಚ್ಚಿ, ಆಗಾಗ ಸ್ವಲ್ಪ ಹುಳಿ ಮಜ್ಜಿಗೆ ಚಿಮುಕಿಸಿ, ವಾರಕ್ಕೆರಡು ಸಲ ಕೋಲಿನಿಂದ ತಿರುವಿ. ರಾಶಿ ಸಾಕಷ್ಟಾದಾಗ ಕೈ ಸಮೀಪ ಹಿಡಿದರೆ ಬೆಚ್ಚಗಿರುತ್ತದೆ. ಸೂಕ್ಷ್ಮಜೀವಿಗಳು ತಿಂದು ಉಸಿರಾಡುವಾಗ ಹೊಮ್ಮುವ ಶಾಖ ಅದು. ಕೊಳೆತ ವಾಸನೆ ಬಂದರೆ ಒಳಗೆ ನೀರು ಹೆಚ್ಚಾಗಿ ಗಾಳಿ ಕಡಿಮೆಯಾಗಿದೆ ಎಂದರ್ಥ. ಇನ್ನಷ್ಟು ತರಗೆಲೆ ಹಾಕಿ ತಿರುವಿದರೆ ಸರಿಹೋಗುತ್ತದೆ. ಇಷ್ಟು ವಿಜ್ಞಾನವನ್ನು ಯಾವ ಪುಸ್ತಕವೂ ಇಷ್ಟು ಹತ್ತಿರ ತಂದಿಡಲಾರದು. ಎರಡು ತಿಂಗಳ ಆಸುಪಾಸಿಗೆ ಮಣ್ಣಿನ ವಾಸನೆ ಬಂತೆಂದರೆ ಗೊಬ್ಬರ ಸಿದ್ಧ. ಹಳ್ಳಿಯ ಮನೆಗಳಲ್ಲಿ ತಿಪ್ಪೆ ಇದ್ದರೆ ಮಡಕೆಯೇ ಬೇಕಿಲ್ಲ, ಅದರೊಳಗೆ ಪ್ಲಾಸ್ಟಿಕ್ ಬೀಳದಂತೆ ಕಾದರೆ ಸಾಕು.

ಶಿಕ್ಷಕರಲ್ಲಿ ಒಂದು ವಿನಂತಿ. ಕಸ ಕಡಿಮೆ ಮಾಡಿದವರಿಗೆ ಬಹುಮಾನ ಇಡಬೇಡಿ. ಬಹುಮಾನ ಇಟ್ಟರೆ ಸುಳ್ಳು ಅಂಕಿ ಬರುತ್ತದೆ. ಎಂಟು ಜನರ ಮನೆಯ ಮಗು ಮೂರು ಜನರ ಮನೆಯ ಮಗುವಿನ ಮುಂದೆ ತಲೆ ತಗ್ಗಿಸುವಂತಾಗುತ್ತದೆ. ಮೂರು ತಿಂಗಳ ನಂತರ ಮತ್ತೊಂದು ವಾರ ತೂಗಿಸಿ, ಪ್ರತಿ ಮಗುವೂ ತನ್ನದೇ ಮೊದಲ ವಾರದ ಅಂಕಿಯ ಪಕ್ಕದಲ್ಲಿ ಹೊಸ ಅಂಕಿ ಬರೆಯಲಿ.