ನಲ್ಲೂರಿನ ಸೀಮೆಯಲ್ಲಿ ನೀರಿನ ಆಯವ್ಯಯ

ದೇವನಹಳ್ಳಿ ತಾಲ್ಲೂಕಿನ ನಲ್ಲೂರು ತನ್ನ ಹುಣಸೆಯ ತೋಪಿನಿಂದ ಹೆಸರು ಪಡೆದುದು. 2007ನೆಯ ಇಸವಿಯಲ್ಲಿ ಜೀವವೈವಿಧ್ಯದ ಪಾರಂಪರಿಕ ತಾಣವೆಂದು ಸರ್ಕಾರದವರು ಘೋಷಿಸಿದ ಈ ತೋಪಿನ ಮುದಿಮರಗಳು ಮಳೆಯನ್ನೇ ನಂಬಿ ಬದುಕಿ ಬಂದಿವೆ. ಸುತ್ತಣ ಸಾಗುವಳಿಯ ಸ್ಥಿತಿ ಈಗ ಹಾಗಿಲ್ಲ.

ವರ್ಷವೆಲ್ಲ ಹರಿಯುವ ನದಿಯಿಲ್ಲದ ಈ ಸೀಮೆಗೆ ಪೂರ್ವದಲ್ಲಿ ಕೆರೆಗಳೇ ಆಧಾರವಾಗಿದ್ದುವು. ಕೆರೆ ಅರ್ಧ ತುಂಬಿದ ವರ್ಷ ಅಚ್ಚುಕಟ್ಟಿನ ಒಂದು ಭಾಗಕ್ಕೆ ಮಾತ್ರ ಭತ್ತ. ಮಿಕ್ಕವರು ರಾಗಿಯನ್ನು ಬಿತ್ತಿ ತೃಪ್ತರಾಗಬೇಕಾಗಿತ್ತು. ತೂಬೆತ್ತುವ ನೀರುಗಂಟಿಯು ಹಳ್ಳಿಯ ಬೇಡಿಕೆಯನ್ನು ಕೆರೆಯ ಮಟ್ಟಕ್ಕೆ ಹೊಂದಿಸುತ್ತಿದ್ದನು. ಬಾವಿಯ ತೋಟಗಳಲ್ಲಿಯಾದರೋ ಕಪಿಲೆಯ ಎತ್ತುಗಳ ದಣಿವೇ ನೀರಿನ ಮಿತಿ.

ವಿದ್ಯುತ್ ಪಂಪೂ ಕೊಳವೆಬಾವಿಯೂ ಬಂದಮೇಲೆ ಈ ಮಿತಿ ತಪ್ಪಿಹೋಯಿತು. ಬೆಂಗಳೂರು ನೀಲಿ ದ್ರಾಕ್ಷಿ, ಹಿಪ್ಪುನೇರಿಳೆ, ತರಕಾರಿ, ಹೂವು, ಇವೆಲ್ಲ ಹಣ ತರುವ ಬೆಳೆಗಳೇ ಸರಿ. ಆದರೆ ಬೇಸಗೆಯಲ್ಲಿಯೂ ನೀರು ಕೇಳುವಂಥವು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದಂದಿನಿಂದ ಬಡಾವಣೆಗಳೂ ಟ್ಯಾಂಕರುಗಳೂ ಅದೇ ಅಂತರ್ಜಲಕ್ಕೆ ಪಾಲುದಾರರಾದುವು. ನೀಲಗಿರಿ ನೆಡುವುದನ್ನಂತೂ ಸರ್ಕಾರದವರು 2017ರಲ್ಲಿ ನಿಷೇಧಿಸಿದರು. ಹತ್ತು ಅಶ್ವಶಕ್ತಿಯವರೆಗಿನ ಪಂಪುಗಳಿಗೆ ವಿದ್ಯುತ್ ಉಚಿತವಾಗಿರುವುದರಿಂದ ಎತ್ತಿದ ನೀರಿಗೆ ಲೆಕ್ಕವಿಡುವ ಪ್ರಸಂಗವೇ ರೈತನಿಗೆ ಒದಗುವುದಿಲ್ಲ.

ಆ ಲೆಕ್ಕವನ್ನು ಒಮ್ಮೆಯಾದರೂ ಮಾಡಿ ನೋಡತಕ್ಕದ್ದು. ಗಂಟೆಗೆ 4,000 ಲೀಟರು ಎತ್ತುವ ಪಂಪು ದಿನಕ್ಕೆ 7 ಗಂಟೆಯಂತೆ 300 ದಿನ ನಡೆದರೆ 84 ಲಕ್ಷ ಲೀಟರು ಹೊರಬರುವುದು. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆಯಾದರೆ ಬೀಳುವ ನೀರು ಸುಮಾರು ಒಂದು ಲಕ್ಷ ಲೀಟರು. ವರ್ಷಕ್ಕೆ 32 ಅಂಗುಲ ಮಳೆಯೆಂದು ಹಿಡಿದರೂ, ಬಹುಭಾಗವು ಆವಿಯಾಗಿಯೂ ಪೈರಿಗೂ ಹಳ್ಳಕ್ಕೂ ಹೋಗಿ, ಇಲ್ಲಿಯ ಕಲ್ಲುನೆಲದ ಬಿರುಕುಗಳಿಗೆ ಇಳಿಯುವುದು ಹತ್ತರಲ್ಲೊಂದು ಪಾಲಿನ ಆಸುಪಾಸು. ಎಂದರೆ ಎಕರೆಗೆ ಮೂರು ಲಕ್ಷಕ್ಕೆ ತುಸು ಮೇಲೆ. ಹೀಗೆ ಎರಡೆಕರೆ ತೋಟದ ಬಾವಿಯು ಇಪ್ಪತ್ತೈದು ಎಕರೆಗಳ ಪಾಲನ್ನು ಸೆಳೆಯುವುದು. ನೆರೆಯವರೂ ಅಷ್ಟೇ ಸೆಳೆದರೆ ಮಿಕ್ಕುದು ಬರುವುದು ಹಿಂದಿನವರು ಬಿಟ್ಟುಹೋದ ಗಂಟಿನಿಂದ. ನಷ್ಟವು ಮೊದಲು ತಟ್ಟುವುದು ತೆರೆದ ಬಾವಿಯನ್ನೇ ನಂಬಿದ ಸಣ್ಣ ಹಿಡುವಳಿದಾರನಿಗೆ. ಅವನು ಸಾಲಮಾಡಿ ಕೊರೆಸಿದುದೂ ಬತ್ತಿದರೆ ಹೊಲವೇ ಮಾರಾಟಕ್ಕೆ ಬರುವುದುಂಟು.

ಹನಿ ನೀರಾವರಿಯು ಉಪಯುಕ್ತವೆಂಬುದರಲ್ಲಿ ಸಂಶಯವಿಲ್ಲ. ಆದರೆ ಒಂದೆಕರೆಯಲ್ಲಿ ಉಳಿದ ನೀರನ್ನು ಇನ್ನೊಂದೆಕರೆಗೆ ಹರಿಸಿದರೆ ತೋಟ ದೊಡ್ಡದಾಗುವುದೇ ಹೊರತು ಬಾವಿಯ ಮಟ್ಟ ಏರುವುದಿಲ್ಲ. ಬೇಸಗೆಯ ಬೆಳೆಯ ವಿಸ್ತೀರ್ಣವನ್ನು ಬಾವಿಯ ನೀರಿನ ಮಟ್ಟ ಅಳೆದ ಮೇಲೆಯೇ ನಿಶ್ಚಯಿಸುವುದುಚಿತ.

ಹೆಬ್ಬಾಳ ಮತ್ತು ನಾಗವಾರ ಕಣಿವೆಗಳ ಯೋಜನೆಯಲ್ಲಿ ನಗರದ ಬಳಸಿದ ನೀರನ್ನು ಎರಡನೆಯ ಹಂತದವರೆಗೆ ಶುದ್ಧಿಮಾಡಿ, ದಿನಕ್ಕೆ 21 ಕೋಟಿ ಲೀಟರಿನಂತೆ, ಬೆಂಗಳೂರು ನಗರ, ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ 65 ಕೆರೆಗಳಿಗೆ ತುಂಬಿಸುವ ಏರ್ಪಾಡಿದೆ. ಈ ನೀರು ಕೆರೆಯಲ್ಲಿ ನಿಂತು ಇಂಗಲೆಂಬುದೇ ಉದ್ದೇಶ. ಕೆರೆಗೆ ಪಂಪಿಟ್ಟು ಎತ್ತಕೂಡದು. ಅಂಥ ಕೆರೆಯ ಸಮೀಪದ ಬಾವಿಗಳ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಲು ಉಪಯೋಗಿಸಲಾಗದು.